ಮೂರನೇ ಸಲಕ್ಕೆ ಹಸಿರು

ಹೋದ ತಿಂಗಳು ತಂಗಿಯ ಉಂಗುರಕ್ಕೆಂದು ವಡೋದರದ ಒಂದು ಆಭರಣದ ಅಂಗಡಿಗೆ ಹೋಗಿದ್ದೆವು. ಅಂಗಡಿಯಾತ ಹರಳನ್ನು ಚಿಮಟದಲ್ಲಿ ಹಿಡಿದು, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಗಾಜಿನ ಗೂಡಿನ ಪುಟ್ಟ ತಕ್ಕಡಿಯೊಳಗೆ ಇಟ್ಟ. ಆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಾಯಿ ಮುಚ್ಚಿ ತಕ್ಕಡಿಯ ಅಂಕಿಯನ್ನೇ ದಿಟ್ಟಿಸುತ್ತ ನಿಂತುಬಿಟ್ಟೆ. ಸಾಮಾನ್ಯವಾಗಿ ಯಾವ ಅಂಗಡಿಗೆ ಹೋದರೂ ಐದು ನಿಮಿಷದೊಳಗೆ ಅಂಗಡಿಯವನ ದನಿಯಲ್ಲೇ ಅಂಗಡಿಯವನ ಜೊತೆ ಚೌಕಾಸಿಗೆ ಇಳಿಯುವ ಪ್ರಾಣಿ ನಾನು. ತಂಗಿಗೆ ಗಾಬರಿಯಾಯಿತು. "ಮೈಯಾಗ ಆರಾಮ ಐತಿಲ್ಲೋ?" ಅಂದಳು. ಅಂಗಡಿಯಾತ ನನ್ನನ್ನು ಕಳ್ಳನನ್ನು ನೋಡುವಂತೆ ನೋಡಿದ. ತಪ್ಪೇನಿಲ್ಲ, ನಾನೂ ಅವನನ್ನು ಹಾಗೇ ನೋಡುತ್ತಿದ್ದೆ.

ಆ ವಾಸನೆ ಸೂರತ್ತಿನದು. ಒಂದು ಮಳೆಗಾಲ ಶುರುವಾದಾಗಿನಿಂದ ದೀಪಾವಳಿ ಕಳೆಯುವವರೆಗೆ ನಾನು ಯಾರನ್ನೂ ನಂಬದೆ ಬದುಕಿದ ಆ ತಿಂಗಳುಗಳದು.

ಅಪ್ಪನಿಗೆ ರೈಲ್ವೆಯಲ್ಲಿ ವರ್ಗವಾಗಿ ಗದಗದಿಂದ ವಡೋದರಕ್ಕೆ ಬಂದಾಗ ನಾನು ಎಂಟನೆಯ ಇಯತ್ತೆ. ಗುಜರಾತಿಯ ಒಂದಕ್ಷರ ಬಾರದು. ತಿಳಿಯದ ಭಾಷೆಯ ನಡುವೆ ಬದುಕಲು ನಾನು ಕಂಡುಕೊಂಡ ದಾರಿಯೆಂದರೆ ಆಡುವವರನ್ನು ಅಣಕಿಸುವುದು. ಗಣಿತದ ಮೇಷ್ಟ್ರು ಮೂಗಿನಿಂದ ಅಂದದ್ದನ್ನು ನಾನೂ ಮೂಗಿನಿಂದ ಅಂದೆ. ಏಟು ಮೊದಲು ಬಂತು, ಅರ್ಥ ಆಮೇಲೆ ಬಂತು. ಓದು ಮುಗಿಸಿ ಅಹಮದಾಬಾದಿನ ಹೊರವಲಯದ ಬೋಪಾಲ್‌ನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಸೇರುವ ಹೊತ್ತಿಗೆ ನನ್ನ ಗಂಟಲಲ್ಲಿ ನಲವತ್ತು ಜನ ವಾಸವಾಗಿದ್ದರು, ಅವರಲ್ಲಿ ನಾನು ಯಾರೆಂಬುದು ಅಮ್ಮನಿಗೆ ಮಾತ್ರ ಗೊತ್ತಿತ್ತು. ಕಂಪನಿಯಲ್ಲಿ ನನ್ನ ಕೆಲಸ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮನ್ನು ನಂಬದೇ ಇರುವುದಕ್ಕೆ ತಿಂಗಳ ಸಂಬಳ.

ನಮ್ಮ ಪ್ರೋಗ್ರಾಮ್ ಸೂರತ್ತಿನ ಒಂದು ವಜ್ರದ ಕಾರ್ಖಾನೆಗೆ. ಅಲ್ಲಿ ಸಾಣೆ ಹಿಡಿಯುವವರು ತಮ್ಮ ಪಾಲಿನ ಸಣ್ಣ ಹರಳುಗಳನ್ನು ಕಾಗದದ ಪೊಟ್ಟಣದಲ್ಲಿ ಒಯ್ಯುತ್ತಾರೆ, ಕೆಲಸ ಮುಗಿಸಿ ಮರಳಿ ತರುತ್ತಾರೆ. ಮರಳಿ ಬಂದದ್ದನ್ನು ಕೌಂಟರಿನಲ್ಲಿ ತೂಗಬೇಕು. ಮೊದಲು ತೂಕವನ್ನು ಕೈಯಲ್ಲಿ ಬರೆಯುತ್ತಿದ್ದರು. ನಮ್ಮ ಪ್ರೋಗ್ರಾಮ್ ಬಂದ ಮೇಲೆ ತಕ್ಕಡಿಯ ತಂತಿ ನೇರ ಕಂಪ್ಯೂಟರಿಗೆ. ತೂಗುವವರು ಒಂದು ಗುಂಡಿ ಒತ್ತಿದರೆ ಸಾಕು, ತೂಕ ತಾನೇ ದಾಖಲಾಗುತ್ತದೆ. ಮನುಷ್ಯರ ಕೈ ಸೋಕುವುದಿಲ್ಲ, ಆದ್ದರಿಂದ ಮೋಸವಿಲ್ಲ. ಇದು ನಮ್ಮ ಮ್ಯಾನೇಜರ್ ಕೇತನ್‌ಭಾಯಿಯ ಮಾತು. ಆ ಮಾತನ್ನು ಅವರಿಗಿಂತ ಚೆನ್ನಾಗಿ ನಾನು ಹೇಳುತ್ತಿದ್ದೆ. 'ಮೋಸ' ಅನ್ನುವಾಗ ಅವರ ಬಲಗೈ ತಾನಾಗಿ ಜೇಬು ಮುಟ್ಟಿಕೊಳ್ಳುವುದನ್ನೂ ಸೇರಿಸಿ.

ಪ್ರತಿದಿನ ನಾವು ಆಫೀಸಿಗೆ ಬರುವ ಮುಂಚೆಯೇ ಟೆಸ್ಟುಗಳು ತಾವಾಗಿ ಓಡಿ ಮುಗಿದಿರುತ್ತಿದ್ದವು. ತಕ್ಕಡಿಯ ನಕಲು ಮಾಡುವ ಒಂದು ಪ್ರೋಗ್ರಾಮ್, ತೂಗುವವರ ಕೈಯ ನಕಲು ಮಾಡುವ ಇನ್ನೊಂದು ಪ್ರೋಗ್ರಾಮ್. ಈ ಎರಡನೆಯದನ್ನು ಬರೆದವನು ನಾನು. ನಕಲು ಎಂದರೆ ನನಗೇ ಒಪ್ಪಿಸುವುದು ನಮ್ಮಲ್ಲಿ ವಾಡಿಕೆ. ಒಂಬತ್ತು ಗಂಟೆಗೆ ವರದಿ ಮೇಲ್‌ನಲ್ಲಿ ಬರುತ್ತಿತ್ತು: ಟೆಸ್ಟಿನ ಹೆಸರು, ಪಕ್ಕದಲ್ಲಿ ಹಸಿರು ಚುಕ್ಕೆ. ಮೂರು ಪುಟ ಹಸಿರು. ಕೇತನ್‌ಭಾಯಿ ಅದನ್ನು ತೆರೆಯದೆ, ಗಾಡಿಯಲ್ಲಿ ಬರುತ್ತ ಸಿಗ್ನಲ್ಲಿನಲ್ಲಿ ನಿಂತಾಗ ಸೂರತ್ತಿಗೆ ದಾಟಿಸುತ್ತಿದ್ದರು. ಮೇಲೊಂದು ಸಾಲು: ಎಲ್ಲ ಹಸಿರು, ಜೈ ಶ್ರೀಕೃಷ್ಣ. ಸೂರತ್ತಿನವರೂ ಅದನ್ನು ತೆರೆಯದೆ ಜೈ ಶ್ರೀಕೃಷ್ಣ ಅನ್ನುತ್ತಿದ್ದರು. ಪ್ರೋಗ್ರಾಮ್ ತಯಾರಾಗುತ್ತಿದ್ದ ಆರು ತಿಂಗಳೂ ಹೀಗೇ ನಡೆಯಿತು.

ಮಳೆ ಶುರುವಾದ ಹೊಸದರಲ್ಲಿ ನಾನು ಪ್ರೋಗ್ರಾಮ್ ಕೂರಿಸಲು ಸೂರತ್ತಿಗೆ ಹೋಗಿದ್ದೆ. ಅಲ್ಲೇ ನೋಡಿದ್ದು ಪಾರುಲ್‌ಬೆನ್‌ರನ್ನು. ಮೂರನೇ ಕೌಂಟರ್, ಐವತ್ತರ ಆಸುಪಾಸು, ಭಾವನಗರದ ಕಡೆಯವರು, ಮಾತಿನಲ್ಲಿ ಕಾಠಿಯಾವಾಡದ ಎಳೆತ. ಉಳಿದ ಕೌಂಟರುಗಳಲ್ಲಿ ಒಂದು ಪೊಟ್ಟಣ ತೂಗುವಷ್ಟರಲ್ಲಿ ಇವರಲ್ಲಿ ಎರಡು ಮುಗಿಯುತ್ತಿತ್ತು. ಎಡಗೈಯಿಂದ ಹರಳು ಸುರಿದು, ಬಲಗೈಯ ಹೆಬ್ಬೆರಳಿನಿಂದ ಗಾಜಿನ ಬಾಗಿಲು ಸರಿಸುತ್ತ, ಅದೇ ಕೈಯ ಕಿರುಬೆರಳಿನಿಂದ ಗುಂಡಿ ಒತ್ತಿಬಿಡುತ್ತಿದ್ದರು. ನಾನು ಅವರ ಮುಂದೆ ತುಂಬ ಹೊತ್ತು ನಿಂತಿದ್ದನ್ನು ಕಂಡು, "ಏನು ನೋಡ್ತೀಯ ದೀಕರಾ, ಕೈಯೊಳಗೆ ಹರಳು ಉಳಿಸಿಕೊಂಡೆನಾ ಅಂತಲಾ?" ಎಂದು ಅಂಗೈ ಬಿಡಿಸಿ ತೋರಿಸಿದರು. ದೀಕರಾ ಎಂದರೆ ಮಗನೇ ಎಂದು. ಮಗನೇ ಎಂದೂ ಕರೆದರು, ಸಂಶಯವನ್ನೂ ಪಟ್ಟರು. ಆ ಊರಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ.

ಬೋಪಾಲ್‌ಗೆ ಮರಳಿದ ದಿನವೇ ಊಟದ ಹೊತ್ತಿನಲ್ಲಿ ಪಾರುಲ್‌ಬೆನ್ ಪ್ರದರ್ಶನ. ಕುರ್ಚಿಯನ್ನು ತಕ್ಕಡಿ ಮಾಡಿಕೊಂಡು ಸುರಿದೆ, ಸರಿಸಿದೆ, ಒತ್ತಿದೆ, ಅಂಗೈ ಬಿಡಿಸಿ ತೋರಿಸಿದೆ. ಎಲ್ಲರೂ ನಕ್ಕರು. ನನ್ನ ಪಾತ್ರಗಳಲ್ಲಿ ಅದೇ ಮೊದಲ ಸ್ಥಾನಕ್ಕೆ ಬಂತು.

ಒಂದು ತಿಂಗಳು ಕಳೆದಿರಬೇಕು. ಕಾರ್ಖಾನೆಯ ಮೇಲ್ವಿಚಾರಕ ವಲ್ಲಭಭಾಯಿ ಫೋನ್ ಮಾಡಿದರು. ಮೂರನೇ ಕೌಂಟರಿನ ಪೊಟ್ಟಣಗಳನ್ನು ಸುಮ್ಮನೆ ಮತ್ತೊಮ್ಮೆ ತೂಗಿ ನೋಡಿದರೆ ದಾಖಲೆಗಿಂತ ಹೆಚ್ಚು ಬರುತ್ತಿದೆ. ನಾನು ನಕ್ಕೆ, ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ? ವಲ್ಲಭಭಾಯಿ ನಗಲಿಲ್ಲ. ಹುಡುಗನಿಗೆ ಪಾಠ ಹೇಳುವ ದನಿಯಲ್ಲಿ ಬಿಡಿಸಿ ಹೇಳಿದರು: ದಾಖಲೆಯಲ್ಲಿ ಕಡಿಮೆ, ಪೊಟ್ಟಣದಲ್ಲಿ ಹೆಚ್ಚು ಅಂದರೆ ಆ ಹೆಚ್ಚಿನದು ಯಾರದೂ ಅಲ್ಲ. ಮುಂದಿನ ಕೋಣೆಗೆ ಹೋಗುವ ದಾರಿಯಲ್ಲಿ ಯಾರಾದರೂ ಒಂದು ಸಣ್ಣ ಹರಳು ಎತ್ತಿಕೊಂಡರೂ ತೂಕ ಸರಿಯಾಗೇ ಕೂರುತ್ತದೆ. ಯಾರೋ ಯಾರಿಗೋ ಜಾಗ ಮಾಡಿಕೊಡುತ್ತಿದ್ದಾರೆ.

ಕೇತನ್‌ಭಾಯಿ ಆರು ತಿಂಗಳ ಹಸಿರು ವರದಿಗಳನ್ನು ಒಟ್ಟು ಮಾಡಿ ಕಳುಹಿಸಿದರು. ಪ್ರೋಗ್ರಾಮ್ ಸರಿ ಇದೆ, ನಿಮ್ಮ ಮನುಷ್ಯರನ್ನು ನೋಡಿಕೊಳ್ಳಿ. ಆ ಕಾಗದವನ್ನೇ ನಂಬಿ ಪಾರುಲ್‌ಬೆನ್‌ರನ್ನು ಕೌಂಟರಿನಿಂದ ಎಬ್ಬಿಸಿ, ಖಾಲಿ ಪೊಟ್ಟಣ ಮಡಚುವ ಮೂಲೆಯಲ್ಲಿ ಕೂರಿಸಿದರು. ಕೆಲಸದಿಂದ ತೆಗೆಯಲಿಲ್ಲ. ಅಲ್ಲಿ ಯಾರನ್ನೂ ಹಾಗೆ ತೆಗೆಯುವುದಿಲ್ಲವಂತೆ. ದೀಪಾವಳಿಗೆ ಎಲ್ಲರೂ ಊರಿಗೆ ಹೋಗುತ್ತಾರೆ, ರಜೆ ಮುಗಿದ ಮೇಲೆ ಬನ್ನಿ ಎಂದು ಫೋನ್ ಬರುತ್ತದೆ. ಬೇಡವಾದವರಿಗೆ ಫೋನ್ ಬರುವುದಿಲ್ಲ. ಆಮೇಲೆ ಬೇರೆ ಯಾವ ಕಾರ್ಖಾನೆಯಿಂದಲೂ ಬರುವುದಿಲ್ಲ.

ಸತ್ಯ ಹೇಳಬೇಕೆಂದರೆ ನನಗೂ ಅವರ ಮೇಲೆಯೇ ಅನುಮಾನವಿತ್ತು. ಕೇಳದೇ ಅಂಗೈ ತೋರಿಸಿದರಲ್ಲ! ಊಟದ ಹೊತ್ತಿನ ಪ್ರದರ್ಶನದಲ್ಲಿ ಆ ಭಾಗವನ್ನು ಇನ್ನಷ್ಟು ಉದ್ದ ಮಾಡಿದೆ.

ವರದಿಗೆ ಬೆಲೆ ಬಂದದ್ದೇ ಕೇತನ್‌ಭಾಯಿಗೆ ಉತ್ಸಾಹ ಬಂತು. ಬರೀ ಚುಕ್ಕೆ ನೋಡಿದರೆ ಬಡವರ ಮನೆಯ ಮದುವೆ ಕಾರ್ಡಿನ ಹಾಗಿದೆ, ಸ್ವಲ್ಪ ಮಸಾಲೆ ಹಾಕು, ಚಿತ್ರ ಹಾಕು ಎಂದು ನನಗೆ ಹೇಳಿದರು. ನಾವು ಬಳಸುತ್ತಿದ್ದ ಟೆಸ್ಟಿನ ಚೌಕಟ್ಟಿಗೆ ಹೊರಗಿನಿಂದ ಒಂದು ತುಂಡು ಜೋಡಿಸಬಹುದು. ಅದು ಬಾಗಿಲ ಹಿಂದೆ ನಿಂತ ಅತ್ತೆಯ ಹಾಗೆ. ಪ್ರತಿ ಟೆಸ್ಟ್ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ನಡುವೆ ಏನೇನಾಯಿತು, ಎಲ್ಲವನ್ನೂ ಕೇಳಿಸಿಕೊಂಡು ವರದಿಗೆ ಸೇರಿಸುತ್ತದೆ. ಎರಡು ವಾರ ಕೂತು ಬರೆದೆ. ಪ್ರತಿ ಹೆಜ್ಜೆಗೂ ಪರದೆಯ ಚಿತ್ರ, ತಕ್ಕಡಿ ತೋರಿದ ತೂಕ, ದಾಖಲಾದ ತೂಕ, ಟೆಸ್ಟ್ ಎಷ್ಟು ಸಲ ಪ್ರಯತ್ನಿಸಿತು, ಅದನ್ನು ಬರೆದವರ ಹೆಸರು. ಪ್ರಯತ್ನದ ಅಂಕಣಕ್ಕೆ ಬಣ್ಣ ಬೇಕಲ್ಲ ಎಂದು, ಒಂದೇ ಸಲಕ್ಕೆ ಗೆದ್ದರೆ ಹಸಿರು, ಬಿದ್ದೆದ್ದು ಗೆದ್ದರೆ ಕಿತ್ತಳೆ ಎಂದು ಇಟ್ಟೆ. ಬರೀ ಅಲಂಕಾರಕ್ಕೆ.

ಮೊದಲ ಸಲ ಓಡಿಸಿದಾಗ ತೂಕದ ಟೆಸ್ಟುಗಳೆಲ್ಲ ಕಿತ್ತಳೆ. ಒಂದೂ ಬಿಡದೆ. ಎಲ್ಲವೂ ಮೊದಲ ಸಲ ಬಿದ್ದಿವೆ, ಎರಡನೇ ಸಲ ಬಿದ್ದಿವೆ, ಮೂರನೇ ಸಲಕ್ಕೆ ಎದ್ದಿವೆ. ಹಳೆಯ ವರದಿ ಕೊನೆಯ ಫಲಿತಾಂಶವನ್ನಷ್ಟೇ ತೋರಿಸುತ್ತಿತ್ತು. ಅಂದರೆ ಆರು ತಿಂಗಳಿನಿಂದ ನಾವು ಸೂರತ್ತಿಗೆ ಕಳುಹಿಸುತ್ತಿದ್ದದ್ದು ಮೂರನೇ ಸಲದ ಹಸಿರು.

ಮೂರು ಸಲ ಪ್ರಯತ್ನಿಸು ಎಂದು ಬರೆದವರ ಹೆಸರೂ ವರದಿಯಲ್ಲೇ ಇತ್ತು. ಭಾರತಿ ಅಕ್ಕ. ಅವರು ನಮ್ಮ ತಂಡದ ಮುಖ್ಯಸ್ಥೆ, ಹುಬ್ಬಳ್ಳಿಯವರು; ಗಂಡನಿಗೆ ಬ್ಯಾಂಕಿನ ವರ್ಗಾವಣೆ, ವಸ್ತ್ರಾಪುರದಲ್ಲಿ ಮನೆ. ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರೂ ಅವರೇ. ಆ ಹೆಸರು ಕಂಡ ಮೇಲೆ ಎರಡು ದಿನ ಅವರ ಬೆನ್ನಿನ ಮೇಲೇ ಕಣ್ಣಿಟ್ಟೆ. ಅವರು ಫೋನ್ ಹಿಡಿದು ಹೊರಗೆ ಹೋದರೆ ನಾನೂ ನೀರಿನ ಬಾಟಲಿ ಹಿಡಿದು ಹೊರಗೆ. ಅವರು ಮಗಳ ಟ್ಯೂಷನ್ನಿನ ಬಗ್ಗೆ ಮಾತಾಡುತ್ತಿದ್ದರು. ಅದೂ ಏನೋ ಗುಪ್ತಭಾಷೆ ಇರಬೇಕು ಅನ್ನಿಸಿತು.

ಮೂರನೇ ದಿನ ಅವರೇ ನನ್ನನ್ನು ಹತ್ತಿರದ ಉಡುಪಿ ಹೋಟೆಲಿಗೆ ಎಳೆದುಕೊಂಡು ಹೋದರು. ದೋಸೆ ಬರುವ ಮುಂಚೆಯೇ, "ಏನಪಾ, ಪೊಲೀಸರ ಹಂಗ ಹಿಂದ ಹಿಂದ ಅಡ್ಡಾಡಾಕತ್ತೀ?" ಅಂದರು.

ನಾನು ವರದಿ ತೋರಿಸಿದೆ. ಅವರು ಓದಿದರು, ಅವಸರ ಮಾಡಲಿಲ್ಲ.

"ಹೋದ ವರ್ಷ ಮಳಿಯಾಗ ನೆಟ್ ಹೋಗಿ ಹೋಗಿ ಬರ್ತಿತ್ತು. ಅದಕ್ಕ ಮೂರು ಸರ್ತಿ ಅಂತ ಇಟ್ಟೆ. ಮಳಿ ಹೋತು, ನಾನು ತಗೀಲಿಲ್ಲ. ತಪ್ಪು ನಂದ." ಆಮೇಲೆ ಬೆರಳಿನಿಂದ ಇನ್ನೊಂದು ಸಾಲು ತೋರಿಸಿದರು. "ಪ್ರತಿ ಸರ್ತಿ ಸೋತಾಗ ಮುಂದಿನ ಸರ್ತಿ ಇನ್ನೂ ಸ್ವಲ್ಪ ತಾಳಿ ಗುಂಡಿ ಒತ್ತು ಅಂತ ಐತಿ. ಇದನ್ಯಾರು ಬರದಾರ, ಓದು."

ಅಲ್ಲಿ ನನ್ನ ಹೆಸರಿತ್ತು. ಬರೆದದ್ದೇ ಮರೆತಿದ್ದೆ. ಟೆಸ್ಟ್ ಬೀಳುತ್ತಿದೆ, ಸ್ವಲ್ಪ ಕಾದರೆ ಗೆಲ್ಲುತ್ತಿದೆ, ಹಾಗಾದರೆ ಕಾಯಲಿ ಎಂದು ಒಂದು ಮಧ್ಯಾಹ್ನ ಹಾಕಿ ಚಹಾಕ್ಕೆ ಹೋಗಿದ್ದೆ. ಗಲ್ಲಾದಲ್ಲಿದ್ದ ಕುಂದಾಪುರದ ಶೆಟ್ಟರು ನಮ್ಮಿಬ್ಬರನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಇಡೀ ಬೋಪಾಲ್‌ನಲ್ಲಿ ನಮ್ಮ ಮಾತು ತಿಳಿಯುವ ಒಬ್ಬರೇ ಒಬ್ಬರು, ಅವರಿಗೂ ನಾವು ಏನೋ ಕಳ್ಳತನ ಮಾಡಿದವರಂತೆ ಕಂಡಿರಬೇಕು.

"ಆ ಹೆಣ್ಮಗಳದು ನಕಲು ಮಾಡ್ತಿಯಲ್ಲ, ಮಾಡು ಇಲ್ಲೇ," ಅಂದರು ಭಾರತಿ ಅಕ್ಕ.

ನಾನು ಚಟ್ನಿ ಬಟ್ಟಲನ್ನು ತಕ್ಕಡಿ ಮಾಡಿಕೊಂಡೆ. ಎಡಗೈ ಸುರಿಯಿತು, ಹೆಬ್ಬೆರಳು ಬಾಗಿಲು ಸರಿಸಿತು, ಕಿರುಬೆರಳು ಒತ್ತಿತು. ಅಕ್ಕ ಫೋನಿನಲ್ಲಿ ಸಮಯ ಹಿಡಿದಿದ್ದರು. ಮತ್ತೆ ಮಾಡು ಅಂದರು. ಐದು ಸಲ ಮಾಡಿಸಿದರು. ಐದೂ ಸಲ ಬಾಗಿಲು ಮುಚ್ಚುವುದಕ್ಕೂ ಗುಂಡಿ ಒತ್ತುವುದಕ್ಕೂ ನಡುವೆ ಒಂದು ರೆಪ್ಪೆ ಬಡಿಯುವಷ್ಟೂ ಬಿಡುವಿರಲಿಲ್ಲ. ಅಂಥ ಸೂಕ್ಷ್ಮ ತಕ್ಕಡಿಯಲ್ಲಿ ಅಂಕಿ ನಿಧಾನ ಮೇಲೇರಿ ನಿಲ್ಲಲು ಎರಡು ಮೂರು ಸೆಕೆಂಡು ಬೇಕು. ನಮ್ಮ ಪ್ರೋಗ್ರಾಮ್ ಗುಂಡಿ ಒತ್ತಿದ ಕ್ಷಣ ಎಷ್ಟಿದೆಯೋ ಅಷ್ಟನ್ನೇ ಬರೆದುಕೊಳ್ಳುತ್ತಿತ್ತು, ಏರುವ ದಾರಿಯಲ್ಲಿದ್ದದ್ದನ್ನು. ಉಳಿದ ಕೌಂಟರಿನವರು ನಿಧಾನಸ್ಥರು, ಅವರ ತೂಕ ಸರಿ ಬರುತ್ತಿತ್ತು. ಆ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಚುರುಕು ಕೈ ಯಾರದೋ ಅವರೇ ಕಳ್ಳರಾದರು.

ಊಟದ ಹೊತ್ತಿನಲ್ಲಿ ಜನ ನಗಲೆಂದು ಅವರ ಕೈಯನ್ನು ಅಷ್ಟು ಕರಾರುವಾಕ್ಕಾಗಿ ಆಡಿದವನು, ಸಂಬಳ ತೆಗೆದುಕೊಂಡು ಬರೆದ ನಕಲಿನಲ್ಲಿ ಮಾತ್ರ ಯಾರ ಕೈಯನ್ನೂ ಹಾಕಿರಲಿಲ್ಲ. ದೋಸೆ ಬಂತು. ನಾನು ತಿನ್ನಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ತಿಂದೆ, ಎರಡು.

ಮಧ್ಯಾಹ್ನ ಕೇತನ್‌ಭಾಯಿಗೆ ತೋರಿಸಿದೆವು. ಅವರು ಬಾಗಿಲು ಹಾಕಿಕೊಂಡರು. ಪ್ರೋಗ್ರಾಮ್ ಸದ್ದಿಲ್ಲದೆ ಸರಿ ಮಾಡಿ, ಕಿತ್ತಳೆ ಅಂಕಣ ಕಿತ್ತುಹಾಕಿ, ಸೂರತ್ತಿಗೆ ಚಿತ್ರ ಮಾತ್ರ ಹೋಗಲಿ ಎಂದರು. ಹಾಗಾದರೆ ಪಾರುಲ್‌ಬೆನ್? ದೀಪಾವಳಿ ಆದ ಮೇಲೆ ಎಲ್ಲ ತಾನೇ ತಣ್ಣಗಾಗುತ್ತದೆ ಎಂದರು. ಹೊರಗೆ ಬಂದಾಗ ಅಕ್ಕ ಕನ್ನಡದಲ್ಲಿ ಒಂದೇ ಮಾತು ಹೇಳಿದರು: "ನಾ ಏನೂ ತಗಿಯಂಗಿಲ್ಲ. ನೀ?"

ನಾನೂ ತೆಗೆಯಲಿಲ್ಲ. ಅಂಕಣ ಕೀಳುವುದು ಎರಡು ದಿನದ ಕೆಲಸ ಎಂದು ಕೇತನ್‌ಭಾಯಿಗೆ ಸುಳ್ಳು ಹೇಳಿ, ಟೆಸ್ಟಿನ ಮೊದಲ ಪ್ರಯತ್ನಕ್ಕೆ ಪಾರುಲ್‌ಬೆನ್‌ರ ಕೈಯ ವೇಗವನ್ನೇ ಕೊಟ್ಟು, ಹೊಸ ವರದಿಯನ್ನು ಬೆಳಗಿನ ಸರದಿಗೆ ಏರಿಸಿದೆ. ಅವರು ತೆರೆದು ನೋಡಿದರೆ ನನ್ನ ಕೆಲಸ ಹೋಗುತ್ತದೆ. ನೋಡದಿದ್ದರೆ ಸೂರತ್ತಿಗೆ ಹೋಗುತ್ತದೆ. ಒಂಬತ್ತಾಯಿತು. ಒಂಬತ್ತೂ ಹತ್ತಕ್ಕೆ ಯಾವುದೋ ಸಿಗ್ನಲ್ಲಿನಿಂದ ಕಿತ್ತಳೆ ತುಂಬಿದ ಇಪ್ಪತ್ತು ಪುಟಗಳು ಸೂರತ್ತಿಗೆ ಹೊರಟವು. ಮೇಲೊಂದು ಸಾಲು: ಎಲ್ಲ ಹಸಿರು, ಜೈ ಶ್ರೀಕೃಷ್ಣ.

ವಲ್ಲಭಭಾಯಿ ಅಂದು ಮೊದಲ ಸಲ ವರದಿ ತೆರೆದರಂತೆ. ಚಿತ್ರಗಳಿವೆ ಎಂದು.

ಹನ್ನೊಂದಕ್ಕೆ ಫೋನ್ ಬಂತು. ಆಮೇಲೆ ಕೇತನ್‌ಭಾಯಿ ನಮ್ಮಿಬ್ಬರನ್ನು ನಿಲ್ಲಿಸಿ ಕೇಳಿದ್ದನ್ನು ನಾನು ಎಷ್ಟೋ ಸಲ ಅವರ ದನಿಯಲ್ಲಿ ಆಡಿ ತೋರಿಸಿದ್ದೇನೆ. ನೀವಿಬ್ಬರೂ ನಿಮ್ಮ ಭಾಷೆಯಲ್ಲಿ ಗುಸುಗುಸು ಮಾಡಿದ್ದು ಇದಕ್ಕೇನಾ ಎಂದರು. ವರ್ಷವಿಡೀ ನಾವು ಕನ್ನಡದಲ್ಲಿ ಟಿಫಿನ್ ಬಗ್ಗೆ ಮಾತಾಡಿದಾಗೆಲ್ಲ ಅವರಿಗೆ ಸಂಶಯ. ಆ ಒಂದು ದಿನ ಮಾತ್ರ ಸಂಶಯ ನಿಜವಾಗಿತ್ತು. ನೀನೇ ಹಚ್ಚಿದ್ದು, ನೀನೇ ಆರಿಸು ಎಂದು ನನ್ನನ್ನು ಸೂರತ್ತಿಗೆ ಅಟ್ಟಿದರು.

ರೈಲು ವಡೋದರದಲ್ಲಿ ನಿಂತಾಗ ಅಮ್ಮ ಡಬ್ಬಿ ಹಿಡಿದು ಬಂದಿದ್ದಳು. ಕಿಟಕಿಯಿಂದಲೇ ಮುಖ ನೋಡಿ, "ಯಾರ ಮನಿ ಮುರದಿ?" ಎಂದು ಕೇಳಿದಳು. ನಾನು ಡಬ್ಬಿ ಇಸಿದುಕೊಂಡು ಮುಚ್ಚಳ ತೆರೆದು ನೋಡಿದೆ.

ಸೂರತ್ತಿನಲ್ಲಿ ಮಳೆ ಬಿಟ್ಟು ಬೆವರು ಶುರುವಾಗಿತ್ತು. ವಲ್ಲಭಭಾಯಿಯ ಮೇಜಿನ ಮೇಲೆ ವರದಿ ಅಚ್ಚಾಗಿ ಬಿದ್ದಿತ್ತು. ಅವರು ಅದನ್ನೂ ನಂಬಿರಲಿಲ್ಲ. ನಿನ್ನೆವರೆಗೆ ಹಸಿರು ಕಳುಹಿಸಿದವರು ಇಂದು ಕಿತ್ತಳೆ ಕಳುಹಿಸಿದ್ದೀರಿ, ನಾಳೆ ನೀಲಿ ಕಳುಹಿಸುವುದಿಲ್ಲ ಎಂದು ಹೇಗೆ ನಂಬಲಿ, ಆ ಹೆಂಗಸು ನಿನಗೇನಾದರೂ ಕೊಟ್ಟಳಾ ಎಂದು ಕೇಳಿದರು. ನಾನು ವಿವರಿಸಿದಷ್ಟೂ ಅವರ ಕಣ್ಣು ಸಣ್ಣದಾಗುತ್ತಿತ್ತು. ಕೊನೆಗೆ ಪಾರುಲ್‌ಬೆನ್‌ರನ್ನು ಕರೆಸಿದರು.

ಅವರು ಬಂದು ಕೂರಲಿಲ್ಲ. ವರದಿಯಲ್ಲಿ ಮೊದಲ ಪ್ರಯತ್ನದ ತೂಕಗಳ ಮೇಲೆ ಬೆರಳಾಡಿಸಿ, ಇದು ಯಾರ ಕೈ ಎಂದು ಕೇಳಿದರು. ನಿಮ್ಮದೇ, ನಕಲು ಮಾಡಿ ಹಾಕಿದ್ದೇನೆ ಎಂದೆ.

"ನನ್ನ ನಕಲು ಮಾಡಿ ಆಫೀಸಿನಲ್ಲಿ ನಗಿಸ್ತೀಯಂತಲ್ಲ," ಅಂದರು. ಯಾರು ಹೇಳಿದರೋ, ಇಂದಿಗೂ ನನಗೆ ಗೊತ್ತಿಲ್ಲ. "ಮಾಡು. ಇವರೂ ನೋಡಲಿ."

ಮೂರನೇ ಕೌಂಟರಿಗೆ ಹೋದೆವು. ಸಾಣೆಯವರು ಕೆಲಸ ಬಿಟ್ಟು ನೋಡುತ್ತಿದ್ದರು. ಜೀವನದಲ್ಲಿ ಮೊದಲ ಸಲ ಯಾರೂ ನಗದ ಸಭೆಯಲ್ಲಿ ನಕಲು ಮಾಡಿದೆ. ಅವರು ಎರಡು ಸಲ ತಿದ್ದಿದರು: ಮೊಣಕೈ ಅಷ್ಟು ಮೇಲೆ ಬೇಡ, ಕಿರುಬೆರಳು ಇನ್ನೂ ಬೇಗ. ಮೂರನೆಯದಕ್ಕೆ ಸುಮ್ಮನಾದರು. ಪ್ರತಿ ಸಲವೂ ಪರದೆಯಲ್ಲಿ ಕಡಿಮೆ ತೂಕ ದಾಖಲಾಯಿತು, ತಕ್ಕಡಿಯ ಅಂಕಿ ಆಮೇಲೂ ಏರಿ ನಿಂತಿತು. ಕೊನೆಗೆ ವಲ್ಲಭಭಾಯಿ ನನ್ನನ್ನು ಸರಿಸಿ ತಾವೇ ಕೂತು ಬೇಗ ಬೇಗ ಒತ್ತಿ ನೋಡಿದರು. ಅವರ ಪೊಟ್ಟಣದಲ್ಲೂ ಯಾರದೂ ಅಲ್ಲದ ಹರಳು ಹುಟ್ಟಿತು. ನಾಳೆಯಿಂದ ಇಲ್ಲೇ ಕೂತ್ಕೋ ಎಂದು ಪಾರುಲ್‌ಬೆನ್‌ಗೆ ಹೇಳಿ ಎದ್ದರು.

"ಇಷ್ಟೇ ಅಲ್ಲ," ಅಂದರು ಪಾರುಲ್‌ಬೆನ್. "ದೀಪಾವಳಿ ಆದ ಮೇಲೆ ಯಾವತ್ತು ಬರಬೇಕು ಅಂತ ಬರೆದು ಕೊಡಿ."

ಅಲ್ಲಿ ಅದನ್ನು ಯಾರೂ ಯಾರಿಗೂ ಬರೆದು ಕೊಡುವುದಿಲ್ಲ. ಸಾಣೆಯ ಚಕ್ರಗಳು ಒಂದೊಂದಾಗಿ ನಿಂತವು. ವಲ್ಲಭಭಾಯಿ ಸುತ್ತ ನೋಡಿದರು; ಇಂದು ಒಬ್ಬರಿಗೆ ಬರೆದರೆ ನಾಳೆ ಎಲ್ಲರೂ ಕೇಳುತ್ತಾರೆ ಎಂಬ ಲೆಕ್ಕ ಅವರ ಮುಖದ ಮೇಲೇ ನಡೆಯಿತು. ಆಮೇಲೆ ವರದಿಯ ಕೊನೆಯ ಹಾಳೆ ತಿರುಗಿಸಿ ಬರೆದರು: ಲಾಭ ಪಂಚಮಿಯ ಬೆಳಿಗ್ಗೆ, ಮೂರನೇ ಕೌಂಟರ್. ದೀಪಾವಳಿಯ ರಜೆ ಮುಗಿದು ಅಲ್ಲಿಯ ವ್ಯಾಪಾರ ಮತ್ತೆ ಶುರುವಾಗುವ ದಿನ ಅದು.

ಆ ದೀಪಾವಳಿಯ ಹೊತ್ತಿಗೆ ನಾವು ಪ್ರೋಗ್ರಾಮನ್ನು ಸರಿಪಡಿಸಿದ್ದೆವು. ಅಂಕಿ ನಿಲ್ಲುವವರೆಗೆ ಅದು ತೂಕ ಬರೆದುಕೊಳ್ಳುವುದಿಲ್ಲ. ಅಕ್ಕ ಮೂರು ಸಲದ ನಿಯಮ ಕಿತ್ತೆಸೆದರು. ಕೇತನ್‌ಭಾಯಿ ಈಗ ಪ್ರತಿ ವರದಿಯನ್ನೂ ತೆರೆದು, ಗಾಡಿ ಬದಿಗೆ ನಿಲ್ಲಿಸಿ, ಎರಡು ಸಲ ಓದಿ ಕಳುಹಿಸುತ್ತಿದ್ದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಕುರ್ಚಿಯನ್ನು ತಮ್ಮ ಬಾಗಿಲ ಎದುರಿಗೆ ಹಾಕಿಸಿಕೊಂಡರು.

ಲಾಭ ಪಂಚಮಿ ಕಳೆದು ಒಂದು ವಾರಕ್ಕೆ ವಲ್ಲಭಭಾಯಿ ಫೋನ್ ಮಾಡಿದರು. ಪಾರುಲ್‌ಬೆನ್ ಬಂದಿದ್ದಾರೆ, ಆದರೆ ಬಾಗಿಲು ಮುಚ್ಚಿ, ಕೈ ಕಟ್ಟಿ, ಅಂಕಿ ನಿಂತ ಮೇಲೂ ನೋಡುತ್ತ ಕೂರುತ್ತಾರೆ. ಸಾಣೆಯವರ ಸಾಲು ಮೆಟ್ಟಿಲವರೆಗೆ ನಿಲ್ಲುತ್ತಿದೆ. ಸರಿ ಮಾಡಿದ್ದೀರೆಂದು ನೀನೇ ಹೇಳು, ನನ್ನ ಮಾತು ನಂಬುತ್ತಿಲ್ಲ ಎಂದರು.

ನಾನು ಫೋನ್ ಮಾಡಿದೆ. ಯಾರ ದನಿಯನ್ನೂ ತೆಗೆಯದೆ, ಇದ್ದ ಗಂಟಲಿನಲ್ಲೇ ಹೇಳಿದೆ. ಬೆನ್, ಈಗ ನೀವು ಎಷ್ಟು ಬೇಗ ಒತ್ತಿದರೂ ಅದು ತಾನೇ ಕಾಯುತ್ತದೆ, ನೀವು ಕಾಯಬೇಕಾಗಿಲ್ಲ.

"ಪರೀಕ್ಷೆ ಮಾಡಿದ್ದು ಯಾರು?"

"ನಾನೇ."

ಆ ಕಡೆ ತಕ್ಕಡಿಯ ಗಾಜಿನ ಬಾಗಿಲು ಸರಿದ ಸದ್ದು ಕೇಳಿಸಿತು.

"ಹಾಗಾದರೆ ಕಾಯ್ತೀನಿ, ದೀಕರಾ," ಅಂದರು.